ಕೂಗಳತೆಯ ತೋಳ

ತಿಪ್ಪವ್ವನ ದನಿ ದೊಡ್ಡದು. ಪುಣೆಯ ವಾಕಡದ ಆ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ನಿಂತು ಆಕೆ ಊರಿಗೆ ಫೋನು ಹಚ್ಚಿದರೆ ಸಾಕು, ಕೆಳಗೆ ಗೇಟಿನಲ್ಲಿ ಕೂತ ವಾಚ್‌ಮನ್‌ಗೂ ಸುರಪುರ ಸೀಮೆಯ ಮಳೆ ಬೆಳೆ, ಯಾರ ಮನೆಯಲ್ಲಿ ಕೂಸು ಹುಟ್ಟಿತು, ಯಾರ ಎಮ್ಮೆ ಕಳೆಯಿತು ಎಲ್ಲವೂ ತಿಳಿಯುತ್ತಿತ್ತು. ಫೋನು ಇಲ್ಲದಿದ್ದರೂ ಊರಿಗೆ ಕೇಳೀತು ಎಂದು ಸೊಸೆ ಆರತಿ ನಗುತ್ತಿದ್ದಳು. ಮಗ ಕಿಶೋರ ನಗುತ್ತಿರಲಿಲ್ಲ. ಲಿಫ್ಟಿನಲ್ಲಿ, ಅಂಗಡಿಯಲ್ಲಿ, ಡಾಕ್ಟರ ಎದುರು ಕೂತಾಗ ಅವನು ತಾಯಿಯ ಮೊಣಕೈ ಮುಟ್ಟಿ, "ಯವ್ವಾ, ಮೆಲ್ಲಕ" ಎನ್ನುತ್ತಿದ್ದ. ತಿಪ್ಪವ್ವ ಪಾಪ ಮೆಲ್ಲಗಾಗುತ್ತಿದ್ದಳು. ನಾಲ್ಕು ಮಾತು ಆಡುವಷ್ಟರಲ್ಲಿ ದನಿ ಮತ್ತೆ ಮೊದಲಿನ ಎತ್ತರಕ್ಕೇ ಹೋಗಿರುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಹಿರಿಯರು ಹೇಳಿದ್ದು ಇಂಥವರನ್ನು ನೋಡಿಯೇ ಇರಬೇಕು.

ಕಿಶೋರ ಮದುವೆ ಫೋಟೋಗ್ರಾಫರ. ಅವನು ಚಿಕ್ಕವನಿದ್ದಾಗ ತಿಪ್ಪವ್ವ ಅವನನ್ನು ಕಟ್ಟಡದ ಮರಳಿನ ಗುಡ್ಡೆಯ ಮೇಲೆ ಆಡಲು ಬಿಟ್ಟು, ಗಂಡ ಭೀಮಣ್ಣನ ಜೊತೆ ಇದೇ ಪುಣೆಯಲ್ಲಿ ಇಟ್ಟಿಗೆ ಹೊತ್ತವಳು. ಭೀಮಣ್ಣ ತೀರಿಕೊಂಡು ವರ್ಷಗಳಾದವು. ಮರಳಲ್ಲಿ ಆಡಿದ ಹುಡುಗ ಈಗ ವಿಮಾನ ನಗರದ ದೊಡ್ಡ ದೊಡ್ಡ ಹಾಲ್‌ಗಳಲ್ಲಿ ಮದುಮಕ್ಕಳಿಗೆ ಹೀಗೆ ನಿಲ್ಲಿ, ಹಾಗೆ ನಗಿ ಎಂದು ಹೇಳುತ್ತಾನೆ ಎನ್ನುವುದು ಆಕೆಗೆ ದೊಡ್ಡ ಹೆಮ್ಮೆ. ಆದರೆ ಅವನಿಗೆ ಇನ್ನೊಂದು ಹುಚ್ಚು ಹಿಡಿದಿತ್ತು. ಕಾಡಿನ ಜೀವಗಳ ಫೋಟೋ ತೆಗೆಯುವ ಹುಚ್ಚು. ಅದಕ್ಕೆಂದು ಯಾರೋ ಬಳಸಿ ಬಿಟ್ಟ ಉದ್ದನೆಯ ಲೆನ್ಸೊಂದನ್ನು ತಂದ ದಿನ, ತಿಪ್ಪವ್ವ ಅದನ್ನು ಎರಡೂ ಕೈಯಲ್ಲಿ ಎತ್ತಿ ತೂಕ ನೋಡಿದ್ದಳು.

"ಇದೇನಪಾ, ಒನಕಿ ಇದ್ದಂಗ ಅದ."

"ದೂರ ಇದ್ದದ್ದನ್ನ ಹತ್ರ ತರೂ ಲೆನ್ಸ್ ಅದು, ಯವ್ವಾ."

"ದೂರ ಇದ್ದದ್ರ ಹತ್ರ ನಾವೇ ನಡಕೊಂಡ್ ಹೋದ್ರಾತು."

"ಹೋದ್ರ ಅವು ಓಡಿ ಹೋಗ್ತಾವ."

ಈ ಮಾತು ತಿಪ್ಪವ್ವನಿಗೆ ಒಪ್ಪಿಗೆಯಾಯಿತು. ಒಪ್ಪಿಗೆಯಾಗದ್ದು ಮಗ ಬೆನ್ನು ಹತ್ತಿದ ಪ್ರಾಣಿ. ಎರಡು ಚಳಿಗಾಲದಿಂದ ಅವನು ದೌಂಡದ ಆಚೆಯ ಹುಲ್ಲುಮಾಳಗಳಲ್ಲಿ ತೋಳವನ್ನು ಹುಡುಕುತ್ತಿದ್ದ. ಆಕೆ ಕುರುಬರ ಮಗಳು. ಮದುವೆಯಾಗಿ ಬರುವ ತನಕ ಅಪ್ಪನ ಕುರಿಗಳ ಹಿಂದೆ ಬೆಳೆದವಳು. ತೋಳ ಎಂದರೆ ಮನೆಗೆ ಬಂದ ಕಳ್ಳ. ಕಳ್ಳನ ಫೋಟೋ ತೆಗೆಸಿ ಯಾರಾದರೂ ಗೋಡೆಗೆ ಹಾಕುತ್ತಾರೆಯೇ?

"ತ್ವಾಳ ಹಳ್ಳಕ್ಕ ಬಿದ್ರ ಆಳಿಗೊಂದು ಕಲ್ಲು ಅಂತಿದ್ದ ನಮ್ಮಪ್ಪ. ನೀ ನೋಡಿದ್ರ ಫೋಟೋ ಹೊಡೀತೀನಿ ಅಂತಿ. ನವಲಿಲ್ಲೇನು, ಜಿಂಕಿಲ್ಲೇನು ಜಗತ್ತಿನ್ಯಾಗ?"

ಕಿಶೋರನಿಗೆ ನವಿಲು ಬೇಡ. ಪುಣೆಯಲ್ಲಿ ಹುಲ್ಲುಮಾಳಗಳ ಜೀವಗಳ ಬಗ್ಗೆ ಒಂದು ಫೋಟೋ ಪ್ರದರ್ಶನ ನಡೆಯುವುದಿತ್ತು. ತೋಳ ಎದುರಿಗೆ ನೋಡುವ ಒಂದು ಒಳ್ಳೆಯ ಚಿತ್ರ ತಂದರೆ ನಿನಗೂ ಜಾಗ ಕೊಡುತ್ತೇವೆ ಎಂದು ಅದರವರು ಹೇಳಿದ್ದರು. ತೋಳದ ಬೆನ್ನು, ತೋಳದ ಬಾಲ, ತೋಳ ಓಡಿಹೋದ ಮೇಲಿನ ಧೂಳು, ಇವೆಲ್ಲ ಕಿಶೋರನ ಬಳಿ ಬೇಕಾದಷ್ಟಿದ್ದವು. ಮುಖ ಮಾತ್ರ ಇರಲಿಲ್ಲ. ಚಿತ್ರ ಕೊಡಲು ಸೋಮವಾರ ಕಡೆಯ ದಿನ. ಉಳಿದದ್ದು ಒಂದು ಭಾನುವಾರ.

ಆ ಭಾನುವಾರದ ಹಿಂದಿನ ಸಂಜೆ ತಿಪ್ಪವ್ವ, "ನಾನೂ ಬರ್ತೀನಿ" ಎಂದಳು.

ಆಕೆಗೆ ತೋಳ ನೋಡುವ ಆಸೆ ಎಳ್ಳಷ್ಟೂ ಇರಲಿಲ್ಲ. ಆಸೆ ಇದ್ದದ್ದು ಮಗನ ಮೇಲೆ. ಮದುವೆ ಸುಗ್ಗಿ ಶುರುವಾದಾಗಿನಿಂದ ಅವನು ಆಕೆ ಮಲಗಿದ ಮೇಲೆ ಬರುತ್ತಿದ್ದ, ಆಕೆ ಪೂಜೆಗೆ ಕೂತಾಗ ಹೋಗುತ್ತಿದ್ದ. ಒಂದೇ ಮನೆಯಲ್ಲಿದ್ದೂ ಮಗನ ಮುಖ ಬೆಳಕಿನಲ್ಲಿ ನೋಡಿ ಎಷ್ಟೋ ದಿನವಾಗಿತ್ತು. ಒಂದು ದಿನ ಅವನ ಪಕ್ಕ ಕೂರಬೇಕು, ಅಷ್ಟೇ. ಅದಕ್ಕೆ ನಡುವೆ ತೋಳವೇ ಬರಬೇಕಿದ್ದರೆ ಬರಲಿ.

"ಬ್ಯಾಡವ್ವಾ. ಅಲ್ಲಿ ಉಸಿರು ಸುದ್ದಾ ಮೆಲ್ಲಕ ಬಿಡಬೇಕಾಗ್ತದ" ಎಂದ ಕಿಶೋರ.

"ಬಿಡ್ತೀನಿ."

"ಮಾತಾಡಂಗಿಲ್ಲ."

"ಆಡಂಗಿಲ್ಲ."

"ಕಿಶ್ಯಾ ಹಸಿವಾತೇನು, ಕಿಶ್ಯಾ ಬಿಸಲಾಗ ಕುಂದ್ರಬ್ಯಾಡ, ಏನೂ ಅನ್ನಂಗಿಲ್ಲ."

ಇದಕ್ಕೆ ಮಾತ್ರ ತಿಪ್ಪವ್ವ ತುಸು ಯೋಚನೆ ಮಾಡಬೇಕಾಯಿತು. "ಬೀರಪ್ಪನ ಆಣಿ. ಬಾಯಿ ಬಿಚ್ಚಂಗಿಲ್ಲ."

ಒಳಗಿನಿಂದ ಆರತಿ, "ಕರ್ಕೊಂಡ್ ಹೋಗ್ರಿ, ಅತ್ತಿಯವರು ಈ ವರ್ಷ ಪ್ಯಾಟಿ ಬಿಟ್ಟು ಎಲ್ಲಿಗೂ ಹೋಗಿಲ್ಲ" ಎಂದಳು. ಹೆಂಡತಿಯ ಮಾತು, ಬೀರಪ್ಪನ ಆಣೆ, ಎರಡೂ ಒಂದೇ ಕಡೆ ನಿಂತ ಮೇಲೆ ಕಿಶೋರ ಏನು ಮಾಡಿಯಾನು.

ಆದರೂ ಹೊರಡುವ ಮೊದಲು ಒಂದು ಜಗಳವಾಯಿತು. ಉದ್ದ ಲೆನ್ಸು ಅಲುಗಾಡಬಾರದು. ಕೂದಲೆಳೆಯಷ್ಟು ನಡುಗಿದರೂ ಚಿತ್ರ ಕೆಡುತ್ತದೆ. ಅದಕ್ಕೇ ಕಾಳು ತುಂಬಿದ ಒಂದು ಬಟ್ಟೆಯ ಚೀಲವನ್ನು ನೆಲದ ಮೇಲಿಟ್ಟು ಅದರ ಮೇಲೆ ಲೆನ್ಸನ್ನು ಕೂರಿಸುತ್ತಾರೆ. ಚೀಲ ತುಂಬಲು ಕಿಶೋರ ತೊಗರಿಬೇಳೆಯ ಡಬ್ಬಿಗೆ ಕೈ ಹಾಕಿದ್ದನ್ನು ಕಂಡು ತಿಪ್ಪವ್ವ ಆ ಕೈಗೆ ಒಂದು ಕೊಟ್ಟಳು. ತಿನ್ನುವ ಕಾಳನ್ನು ತೋಳದ ಚಾಕರಿಗೆ ಹಚ್ಚುವುದೆಂದರೇನು. ಹುಳ ಹಿಡಿದಿತ್ತೆಂದು ಪಾರಿವಾಳಕ್ಕೆ ಹಾಕಲು ಇಟ್ಟಿದ್ದ ಜೋಳ ತಂದು ತಾನೇ ತುಂಬಿ, ಬಾಯಿ ಹೊಲಿದು, ಬೆಳಕು ಹರಿಯುವ ಮೊದಲೇ ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತಳು. ಜೊತೆಗೆ ತನ್ನ ಕರಿ ಕಂಬಳಿ. ಅದಿಲ್ಲದೆ ಆಕೆ ಎಲ್ಲಿಗೂ ಹೊರಡುವವಳಲ್ಲ.

ಸೋಲಾಪುರ ರಸ್ತೆಯುದ್ದಕ್ಕೂ ಆಕೆ ಮಾತಾಡಿದಳು. ಮಾಳ ಮುಟ್ಟುವಷ್ಟರಲ್ಲಿ ಒಳಗಿದ್ದ ಮಾತನ್ನೆಲ್ಲ ಆಡಿ ಖಾಲಿ ಮಾಡಿಕೊಂಡರೆ ಆಮೇಲೆ ಸುಮ್ಮನಿರುವುದು ಸುಲಭವಾದೀತು ಎಂಬ ಲೆಕ್ಕ. ಕಬ್ಬಿನ ಟ್ರ್ಯಾಕ್ಟರುಗಳನ್ನು ಹಿಂದೆ ಹಾಕುತ್ತ ಕಿಶೋರ ಹೂಂ ಹೂಂ ಎನ್ನುತ್ತಿದ್ದ. ನಡುವೆ ಸಂದು ಸಿಕ್ಕಾಗ ತನ್ನ ಆತಂಕವನ್ನೂ ಹೇಳಿದ. ಬಿಸಿಲು ಏರುವ ಮೊದಲೇ ತೋಳ ಕಾಣಬೇಕು. ಏರಿದ ಮೇಲೆ ನೆಲದಿಂದ ಝಳ ಎದ್ದು ದೂರದ್ದೆಲ್ಲ ನೀರೊಳಗಿಂದ ಕಂಡ ಹಾಗೆ ತೇಲಾಡುತ್ತದೆ, ಆಗ ಎಂಥ ಲೆನ್ಸೂ ಸುಳ್ಳು.

ದೌಂಡ ದಾಟಿ, ಕಬ್ಬು ಮುಗಿದು, ಮಣ್ಣಿನ ದಾರಿಯ ಕೊನೆಯಲ್ಲಿ ಕಾರು ನಿಂತಿತು. ತಿಪ್ಪವ್ವ ಇಳಿದಳು. ಎದುರಿಗೆ ಕಣ್ಣು ಹರಿಯುವ ತನಕ ಒಣಗಿದ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ, ಆಚೆಗೆ ಒಂದು ತಗ್ಗಾದ ದಿಬ್ಬ. ಅಷ್ಟೆ. ನೋಡುವವರಿಗೆ ಏನೂ ಇಲ್ಲದ ಜಾಗ. ಆಕೆ ಮಾತ್ರ ಆ ತುದಿಯಿಂದ ಈ ತುದಿಯ ತನಕ ನೋಡಿದಳು. ಗೋಡೆ ಇಲ್ಲದ ಬಯಲು ನೋಡಿ ಎಷ್ಟು ಕಾಲವಾಗಿತ್ತೋ. ಹೇಳಬೇಕೆಂದು ಬಾಯಿ ತೆರೆದವಳು ಆಣೆ ನೆನಪಾಗಿ ಮುಚ್ಚಿದಳು.

ಜಾಲಿಯ ಮರೆಯಲ್ಲಿ ತಾಯಿ ಮಗ ಹೊಟ್ಟೆಯ ಮೇಲೆ ಮಲಗಿದರು. ಮುಂದೆ ಜೋಳದ ಚೀಲ, ಅದರ ಮೇಲೆ ಲೆನ್ಸು, ಇಬ್ಬರ ಮೇಲೂ ಕಂಬಳಿ. ತಿಪ್ಪವ್ವ ಮಾತಿಗೆ ತಪ್ಪಲಿಲ್ಲ, ಇದನ್ನು ಆಕೆಯ ಪರವಾಗಿ ಹೇಳಲೇಬೇಕು. ಇರುವೆ ಕಚ್ಚಿತು, ಸೆರಗು ಕಚ್ಚಿ ಸುಮ್ಮನಿದ್ದಳು. ಸೊಂಟ ಹಿಡಿಯಿತು, ಸುಮ್ಮನಿದ್ದಳು. ಮಗನ ಕಿವಿಯ ಹಿಂದೆ ಎರಡು ಬಿಳಿ ಕೂದಲು ಕಂಡವು. ಇದು ಎಂದಿನಿಂದ ಎಂದು ಕೇಳುವ ಮನಸ್ಸಾಯಿತು. ಆಗಲೂ ಸುಮ್ಮನಿದ್ದಳು. ಕಿಶೋರ ಒಮ್ಮೆ ತಿರುಗಿ ಆಕೆಯನ್ನು ನೋಡಿ ನಕ್ಕ. ಬಂದದ್ದಕ್ಕೆ ಅಷ್ಟೇ ಸಾಕಾಗಿತ್ತು ಆಕೆಗೆ.

ಬಿಸಿಲು ಬಲಿಯತೊಡಗಿದಾಗ ಅವನ ಮೈ ಬಿಗಿಯಾಯಿತು. ಒಂದು ಕೂಗಳತೆ ದೂರದಲ್ಲಿ, ಹುಲ್ಲಿನ ನಡುವೆ, ಏನೋ ಬಂದು ಮಲಗಿತು. ತಿಪ್ಪವ್ವ ಹಣೆಗೆ ಕೈ ಹಿಡಿದು ನೋಡಿದಳು. ಹುಲ್ಲು, ಹುಲ್ಲಿನ ಬಣ್ಣದ ಒಂದು ಉಬ್ಬು, ಮತ್ತೆ ಹುಲ್ಲು. ಕಿಶೋರ ಒಂದೆರಡು ಸಲ ಗುಂಡಿ ಒತ್ತಿ ನಿಲ್ಲಿಸಿದ. ತೋಳ ಇವರಿಗೆ ಬೆನ್ನು ಮಾಡಿ ಮಲಗಿತ್ತು. ಬೆನ್ನಿನ ಫೋಟೋ ಯಾರಿಗೆ ಬೇಕು. ಅದು ಎದ್ದು ಮುಖ ತಿರುಗಿಸುವ ತನಕ ಕಾಯಬೇಕು.

ಕಾಯುತ್ತ ಅವನು ತಾಯಿಯ ಕಡೆ ನೋಡಿದ. ಆಕೆ ಇನ್ನೂ ಹಣೆಗೆ ಕೈ ಹಿಡಿದು, ಕಣ್ಣು ಕಿರಿದು ಮಾಡಿ, ಕಾಣದ್ದನ್ನು ಕಾಣಲು ಹೆಣಗುತ್ತಿದ್ದಳು. ತುಟಿ ಮಾತ್ರ ಬಿಗಿಯಾಗಿ ಮುಚ್ಚಿಕೊಂಡಿತ್ತು. ಅವನು ಮೆಲ್ಲಗೆ ಪಕ್ಕಕ್ಕೆ ಜರುಗಿ ಕ್ಯಾಮೆರಾದ ಹಿಂದಿನ ಜಾಗ ಆಕೆಗೆ ಬಿಟ್ಟ.

"ನೋಡು ಯವ್ವಾ" ಎಂದು ಕಿವಿಯಲ್ಲಿ ಪಿಸುಗುಟ್ಟಿದ. "ಮುಟ್ಟಬ್ಯಾಡ. ಅದು ಈಗ ಏಳಂಗಿಲ್ಲ."

ತಿಪ್ಪವ್ವ ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಅಲ್ಲಿಟ್ಟಳು. ಮೊದಲು ಕತ್ತಲು. ಆಮೇಲೆ ತನ್ನದೇ ರೆಪ್ಪೆ. ಆಮೇಲೆ ಹುಲ್ಲಿನ ಕಡ್ಡಿಗಳು, ಒಂದೊಂದೂ ಬೇರೆ ಬೇರೆ, ಕೈ ಚಾಚಿದರೆ ಸಿಗುವ ಹಾಗೆ. ಕಡ್ಡಿಗಳ ನಡುವೆ ಕಂದು ಕೂದಲು, ಗಾಳಿಗೆ ಏಳುವ ಕೂದಲು, ತುದಿ ಹರಿದ ಒಂದು ಕಿವಿ. ಉಸಿರಿಗೆ ಪಕ್ಕೆ ಏರಿ ಇಳಿಯುತ್ತಿತ್ತು. ತೋಳ ಆಕೆಯ ಮಡಿಲಲ್ಲೇ ಮಲಗಿದಂತಿತ್ತು.

ಅದು ಕಿವಿ ನೆಟ್ಟಗೆ ಮಾಡಿತು. ತಲೆ ಎತ್ತಿತು. ತಿರುಗಿ, ಹಳದಿ ಕಣ್ಣಿನಿಂದ, ನೇರವಾಗಿ ತಿಪ್ಪವ್ವನನ್ನು ನೋಡಿತು.

ಮುಂದೆ ಆದದ್ದನ್ನು ತಿಪ್ಪವ್ವ ಮಾಡಿದಳು ಎಂದರೆ ತಪ್ಪಾಗುತ್ತದೆ. ಆಕೆಗೆ ಗೊತ್ತಾಗುವ ಮೊದಲೇ ಅದು ಆಗಿಹೋಗಿತ್ತು. ತೋಳ ದೂರದಲ್ಲೇ ಇದೆ, ಹತ್ತಿರ ತಂದದ್ದು ಗಾಜು ಎಂದು ಆಕೆಗೆ ತಿಳಿದಿತ್ತು. ಆಕೆಯ ಕಾಲಿಗೆ, ಕೈಗೆ, ಗಂಟಲಿಗೆ ಅದನ್ನು ಯಾರೂ ತಿಳಿಸಿರಲಿಲ್ಲ. ಕಂಬಳಿ ಹಾರಿ ಮಗನ ತಲೆಯ ಮೇಲೆ ಬಿತ್ತು. ಸೊಂಟ ಹಿಡಿದ ಮುದುಕಿ ನೆಟ್ಟಗೆ ನಿಂತಿದ್ದಳು, ಬಲಗೈಯಲ್ಲಿ ಕಲ್ಲಿತ್ತು, ಎದೆಯ ತಳದಿಂದ ಎದ್ದ ಕೂಗು ಮಾಳದ ಈ ತುದಿಯಿಂದ ಆ ತುದಿಗೆ ಹೋಗುತ್ತಿತ್ತು.

"ಹೋಓಓಓ… ತ್ವಾಳಾ… ಹೋಓಓಓ…"

ಕಿಶೋರ ಕಂಬಳಿಯಿಂದ ಬಿಡಿಸಿಕೊಂಡು ಕ್ಯಾಮೆರಾಕ್ಕೆ ಕಣ್ಣಿಟ್ಟಾಗ ಅಲ್ಲಿ ಹುಲ್ಲಿತ್ತು. ತೋಳ ಮಲಗಿದ್ದ ಕಡೆ ಬಾಗಿದ ಕಡ್ಡಿಗಳು ಒಂದೊಂದಾಗಿ ಏಳುತ್ತಿದ್ದವು. ಅವನು ಎದ್ದು ಕೂತ.

ತಿಪ್ಪವ್ವನ ಕೈಯಿಂದ ಕಲ್ಲು ಜಾರಿತು. ಎರಡು ಚಳಿಗಾಲ ಕಾದ ಹುಡುಗ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಅದನ್ನು ತಟ್ಟಿ ಕೆಳಗೆ ಹಾಕಿದವಳು ಹೆತ್ತ ತಾಯಿ. ಮಗನ ಪಕ್ಕ ಒಂದು ದಿನ ಕೂರುತ್ತೇನೆ ಎಂದು ಬಂದವಳಿಗೆ ಈಗ ಅವನ ಪಕ್ಕ ಕೂರಲು ಧೈರ್ಯವಾಗಲಿಲ್ಲ. ಇನ್ನು ಇವನು ನನ್ನನ್ನು ಎಲ್ಲಿಗೂ ಕರೆದುಕೊಂಡು ಬರುವುದಿಲ್ಲ ಎಂದುಕೊಂಡಳು.

"ಕಿಶ್ಯಾ, ಬೈದುಬಿಡಪಾ ಒಮ್ಮೆ."

ಅವನು ಹುಲ್ಲನ್ನೇ ನೋಡುತ್ತಿದ್ದ. "ಮುಖ ತಿರುಗಿಸಿತ್ತೇನು?"

"ತಿರುಗಿಸಿತ್ತು."

"ಪೂರಾ?"

"ಪೂರಾ. ನನ್ನೇ ನೋಡಿತು."

"ಹ್ಯಾಂಗಿತ್ತು?"

ಸುಳ್ಳು ಹೇಳಲು ತಿಪ್ಪವ್ವನಿಗೆ ಬರುತ್ತಿರಲಿಲ್ಲ. "ಭಾಳ ಚೆಂದಿತ್ತಪಾ. ಕಣ್ಣು ಅರಿಷಿಣ ಬಣ್ಣ. ನಮ್ಮಪ್ಪ ಅದನ್ನ ಇಷ್ಟು ಹತ್ರದಿಂದ ಎಂದೂ ನೋಡಿರಲಿಕ್ಕಿಲ್ಲ."

ಕಿಶೋರ ಕಣ್ಣು ಮುಚ್ಚಿಕೊಂಡ. ಆಗಲೇ ದಿಬ್ಬದ ಆಚೆಯಿಂದ ಕೂಗು ಕೇಳಿದ್ದು.

"ಹೋಓಓಓ…"

ತಿಪ್ಪವ್ವ ನಿಂತಲ್ಲೇ ನಿಂತಳು. ಕೂಗು ಇನ್ನೊಮ್ಮೆ ಬಂತು, ಜೊತೆಗೆ ನಾಯಿ ಬೊಗಳುವ ಸದ್ದು. ಆಕೆಯ ಅಪ್ಪನ ಕಾಲದಲ್ಲಿ ಒಬ್ಬ ಕುರಿಯವನು ತೋಳ ಕಂಡು ಕೂಗಿದರೆ, ಮುಂದಿನವನು ಆ ಕೂಗನ್ನು ಎತ್ತಿಕೊಳ್ಳುತ್ತಿದ್ದ, ಅವನಿಂದ ಅದರ ಮುಂದಿನವನು. ಕೇಳಿತು, ನಾವೂ ಎಚ್ಚರ ಇದ್ದೇವೆ ಎಂದು ಅರ್ಥ. ಮದುವೆಯಾಗಿ ಬಂದ ಮೇಲೆ ಆ ಕೂಗು ಆಕೆಯ ಕಿವಿಗೆ ಬಿದ್ದಿರಲಿಲ್ಲ. ಪುಣೆಗೆ ಬಂದಾಗಿನಿಂದ ಆಕೆಯ ದನಿ ಕೇಳಿ ಜನ ತಿರುಗಿ ನೋಡಿದ್ದರು, ಕಿಟಕಿ ಮುಚ್ಚಿದ್ದರು. ಯಾರೂ ಹೀಗೆ ಓಗೊಟ್ಟಿರಲಿಲ್ಲ. ಕಣ್ಣು ತುಂಬಿ ಬಂತು.

"ಯಾರವ್ವಾ ಅದು?" ಎಂದ ಕಿಶೋರ.

"ಕುರಿಯವ. ತ್ವಾಳ ಎತ್ತಾಗ ಹೋತು ಅಂತ ಕೇಳಕತ್ತಾನ." ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಹೇಳಿದಳು. "ಹೇಳಬೇಕಪಾ. ಅವನ ಮರಿ ಇರ್ತಾವ."

ಮಗ ತಾಯಿಯ ಮುಖವನ್ನೇ ನೋಡಿದ. ಕೇಳದೆ ಕೂಗಿದವಳು ಈಗ ಅಪ್ಪಣೆಗೆ ಕಾಯುತ್ತಿದ್ದಳು.

"ಹೇಳು ಮತ್ತ" ಎಂದ.

ತಿಪ್ಪವ್ವ ಕೂಗಿ, ತೋಳ ಹೋದ ದಿಕ್ಕಿಗೆ ಕೈ ಬೀಸಿದಳು. ತುಸು ಹೊತ್ತಿಗೆ ದಿಬ್ಬದ ನೆತ್ತಿಯ ಮೇಲೆ ಕೆಂಪು ಮುಂಡಾಸು ಕಾಣಿಸಿತು. ಧನಗರರವನು, ಎಂದರೆ ಆ ಸೀಮೆಯ ಕುರುಬ, ಹೆಸರು ಬಾಳು, ಕೈಯಲ್ಲಿ ಕೋಲು, ಮುಂದೆ ಎರಡು ನಾಯಿ. ಓಡುತ್ತಲೇ ಬಂದು ಮರಾಠಿಯಲ್ಲಿ ಲಾಂಡಗಾ, ಎಂದರೆ ತೋಳ, ಒಂಟಿಯೋ ಜೋಡಿಯೋ ಎಂದು ವಿಚಾರಿಸಿದ. ತಿಪ್ಪವ್ವ ಕಟ್ಟಡಗಳಲ್ಲಿ ಕಲಿತ ಮರಾಠಿಯಲ್ಲಿ, ಒಂಟಿ, ಕಿವಿ ಹರಿದದ್ದು ಎಂದಳು. ಅವನು ತಲೆದೂಗಿ ನಾಯಿಗಳನ್ನು ಆ ಕಡೆಗೆ ಬಿಟ್ಟ. ಆಮೇಲೆ ಸುತ್ತಲೂ ನೋಡಿದ. ಜಾಲಿಯ ಹಿಂದೆ ನೋಡಿದ. ಅವನಿಗೆ ಏನೋ ತಾಳೆಯಾಗಲಿಲ್ಲ.

"ಮಾವಶೀ, ಮೆಂಢರಂ ಕುಠಂ ಹಾಯತಿ ತುಮಚೀ?"

ಚಿಕ್ಕವ್ವಾ, ನಿಮ್ಮ ಕುರಿ ಎಲ್ಲಿ ಎಂದು ಕೇಳುತ್ತಿದ್ದ. ಹೀಗೆ ಕೂಗುವ ಹೆಂಗಸಿಗೆ ಕುರಿ ಇಲ್ಲದಿರಲು ಹೇಗೆ ಸಾಧ್ಯ. ತಿಪ್ಪವ್ವನಿಗೆ ನಾಚಿಕೆಯಾಯಿತು. ಕೆಳಗೆ ಕೂತಿದ್ದ ಮಗನ ಕಡೆ ಗದ್ದದಿಂದ ತೋರಿಸಿದಳು. ಅವನ ತಲೆತುಂಬ ಹುಲ್ಲಿನ ಕಡ್ಡಿ, ಅಂಗಿಗೆ ಮಣ್ಣು, ಕಾಲ ಬಳಿ ಒನಕೆಯಂಥ ಲೆನ್ಸು.

"ಹೇ ಯೇಕಚ ಹಾಯ" ಎಂದಳು. ಇರುವುದು ಇದೊಂದೇ.

ಬಾಳು ಸಂತೆಯಲ್ಲಿ ಕುರಿ ನೋಡುವವನ ಹಾಗೆ ಕಿಶೋರನನ್ನು ತಲೆಯಿಂದ ಕಾಲಿನ ತನಕ ನೋಡಿದ. ಚೆನ್ನಾಗಿ ಮೇಯಿಸಿದ್ದೀರಿ ಎಂದು ಗಂಭೀರವಾಗಿ ಹೇಳಿದ.

ಕಿಶೋರನ ಸಿಟ್ಟು ಅಲ್ಲಿಯ ತನಕ ಉಳಿದಿತ್ತು, ಇನ್ನು ಉಳಿಯಲಿಲ್ಲ. ಅವನು ನಕ್ಕ. ಮದುವೆ ಹಾಲ್‌ಗಳಲ್ಲಿ ನಗುವ ಅಳತೆಯ ನಗೆಯಲ್ಲ, ಹೊಟ್ಟೆ ಹಿಡಿದುಕೊಂಡು ಹುಲ್ಲಿನಲ್ಲಿ ಉರುಳುವ ನಗೆ. ಅವನು ಯಾರ ಮಗ ಎಂದು ಆ ದನಿ ಕೇಳಿದ ಯಾರಿಗೂ ಹೇಳಬೇಕಾಗಿರಲಿಲ್ಲ. ಬಾಳುವಿನ ಕುರಿಗಳು ದಿಬ್ಬ ಏರಿ ಇಳಿದು ಬರುತ್ತಿದ್ದವು, ನಗೆಗೆ ಬೆದರಿ ಒಮ್ಮೆ ನಿಂತು ಮತ್ತೆ ನಡೆದವು.

"ನಿನ್ನ ಪ್ರದರ್ಶನ?" ಎಂದಳು ತಿಪ್ಪವ್ವ, ಅವನು ಕಣ್ಣೊರೆಸಿಕೊಂಡ ಮೇಲೆ.

"ಹೋತು. ಮುಂದಿನ ವರ್ಷ ನೋಡೂನು." ಹೇಳುವಾಗ ಅವನಿಗೆ ನೋವಿಲ್ಲದೆ ಇರಲಿಲ್ಲ. ಅದು ಆಕೆಗೂ ಕಂಡಿತು.

ಬಾಳು ಹಿಂಡಿನಿಂದ ಎಳೆಯ ಮರಿಯೊಂದನ್ನು ಎತ್ತಿ ತಂದು ಮಾವಶಿಯ ಕೈಗೆ ಕೊಟ್ಟ. ಆಕೆ ಅದನ್ನು ತೆಗೆದುಕೊಂಡ ರೀತಿ, ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಗಾಲಿಗೆ, ಮಗ ಎಂದೂ ನೋಡಿರಲಿಲ್ಲ. ಕ್ಯಾಮೆರಾ ಎತ್ತಿದ. ಹಚ್ಚಿದ್ದು ಉದ್ದ ಲೆನ್ಸು, ಬೇರೆ ಯಾವುದನ್ನೂ ತಂದಿರಲಿಲ್ಲ. ಅದರಲ್ಲಿ ಬರೀ ಮಂಜು ಕಾಣಿಸಿತು.

"ಹಿಂದ ಸರಿ, ಯವ್ವಾ. ಇಷ್ಟು ಹತ್ರ ಇದ್ರ ಇದಕ್ಕ ಕಾಣಂಗಿಲ್ಲ."

ಆಕೆ ಸರಿದಳು.

"ಇನ್ನೂ ಹಿಂದ. ಮೂಗಷ್ಟೇ ಬರಾಕತ್ತದ."

ಮರಿ ಎತ್ತಿಕೊಂಡು, ಹಿಂದೆ ನೋಡುತ್ತ ನೋಡುತ್ತ, ತಿಪ್ಪವ್ವ ಕುರಿಗಳ ನಡುವೆ ನಡೆದುಹೋದಳು. ಅವನು ಕೈ ಬೀಸುತ್ತಿದ್ದ, ಆಕೆ ಹೋಗುತ್ತಿದ್ದಳು. ದಿಬ್ಬದ ಬುಡಕ್ಕೆ ಮುಟ್ಟಿದಾಗ ಅವನು ಕೈ ಅಡ್ಡ ಹಿಡಿದ. ಕುರಿ, ಹುಲ್ಲು, ಮರಿ ಎತ್ತಿದ ತಾಯಿ, ಎಲ್ಲ ಈಗ ಚೌಕಟ್ಟಿನೊಳಗೆ ಬಂದಿತ್ತು. ಝಳಕ್ಕೆ ಅಂಚು ತುಸು ನಡುಗುತ್ತಿತ್ತು, ನಡುಗಿದರೆ ನಡುಗಲಿ. ಅಲ್ಲಿಂದ ಆಕೆಯ ತುಟಿ ಅಲುಗಿದ್ದು ಅವನಿಗೆ ಲೆನ್ಸಿನಲ್ಲಿ ಎದುರಿಗೆ ನಿಂತಷ್ಟು ಸ್ಪಷ್ಟವಾಗಿ ಕಂಡಿತು. ಮಾತು ಮಾತ್ರ ಕೇಳಲಿಲ್ಲ. ಆಕೆ ಮೆಲ್ಲಗೆ ಆಡಿದ್ದಳು.

"ಏನಂದಿ? ಕೇಳವಲ್ದು. ಜೋರಾಗಿ ಹೇಳು."

ತಿಪ್ಪವ್ವ ಮರಿಯ ಕಿವಿ ಮುಚ್ಚಿ, ಎದೆ ತುಂಬ ಉಸಿರು ತೆಗೆದುಕೊಂಡಳು.

"ಇನ್ನೊಮ್ಮೆ ನನ್ನ ಕರ್ಕೊಂಡ್ ಬರ್ತೀಯೇನು ಅಂದೆ…"

ಕಿಶೋರ ಗುಂಡಿ ಒತ್ತಿದ. ಕಣ್ಣು ಅಲ್ಲಿಂದ ತೆಗೆಯದೆ, ಅವ್ವ ಕೂಗಿದಷ್ಟೇ ಎತ್ತರದಲ್ಲಿ, "ಬಾರವ್ವಾಽಽ…" ಎಂದು ಕೂಗಿದ. ಮಾಳದ ಆಚೆ ತುದಿಯಲ್ಲಿ, ಇಬ್ಬರಿಗೂ ಕಾಣದ ಇನ್ಯಾರೋ ಕುರಿಯವನು, ಅದನ್ನೂ ತೋಳ ಕಂಡವರ ಕೂಗೆಂದೇ ತಿಳಿದು ಎತ್ತಿಕೊಂಡು ಮುಂದಕ್ಕೆ ಕಳಿಸಿದ.